ಸಫರ್‌ನಿಂದ ಸಫಾರಿಯವರೆಗೆ: ಆಫ್ರಿಕಾದ ಬಯಲು, ಪ್ರಾಣಿ ಮತ್ತು ಜನ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಪರೀಕ್ಷೆ, ಅಂಕ, ಉದ್ಯೋಗ ಇವು ಮೂರನ್ನು ಬಿಟ್ಟು ಮಕ್ಕಳಿಗೆ ಇಷ್ಟವಾಗುವ ಯಾವುದಾದರೂ ವಿಷಯದ ಮೇಲೆ ಮಾತಾಡಿ ಎಂದು ಸಂಘದವರು ನನಗೆ ಹೇಳಿದರು. ನಾನು ಆಫ್ರಿಕಾವನ್ನು ಆರಿಸಿಕೊಂಡೆ. ಆಫ್ರಿಕಾಕ್ಕೆ ನಾನು ಹೋದವಳಲ್ಲ. ಶಾಲಾ ಶಿಕ್ಷಕಿಯ ಸಂಬಳದಲ್ಲಿ ಅದು ಸದ್ಯಕ್ಕೆ ಆಗುವ ಮಾತೂ ಅಲ್ಲ. ಆದರೆ ಭೂಪಟವೊಂದಿದ್ದರೆ, ಓದುವ ಹವ್ಯಾಸವಿದ್ದರೆ ಬೆರಳ ತುದಿಯಲ್ಲೇ ಬಹಳ ದೂರ ಹೋಗಿ ಬರಬಹುದು. ಇಂದು ನಿಮ್ಮನ್ನು ಅಂಥ ಒಂದು ಪ್ರಯಾಣಕ್ಕೆ ಕರೆದೊಯ್ಯುತ್ತೇನೆ. ನಾಳೆ ನಿಮ್ಮಲ್ಲಿ ಯಾರಾದರೂ ನಿಜವಾಗಿಯೂ ಅಲ್ಲಿಗೆ ಹೋದರೆ ಈ ಮಾತುಗಳು ಉಪಯೋಗಕ್ಕೆ ಬರಲಿ.

ಮೊದಲು ಭೂಪಟದ ವಿಷಯ. ನಮ್ಮ ತರಗತಿಯ ಗೋಡೆಗೆ ತೂಗುಹಾಕಿದ ಹಲವು ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕಾ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುತ್ತವೆ. ದುಂಡನೆಯ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಿದಾಗ ಆಗುವ ವ್ಯತ್ಯಾಸ ಅದು. ನಿಜದಲ್ಲಿ ಆಫ್ರಿಕಾ ಗ್ರೀನ್‌ಲ್ಯಾಂಡಿನ ಸುಮಾರು 14 ಪಟ್ಟು ದೊಡ್ಡದು. ಮೂರು ಕೋಟಿ ಚದರ ಕಿಲೋಮೀಟರ್ ವಿಸ್ತಾರ, 54 ದೇಶಗಳು. ನಮ್ಮ ಭಾರತದಂಥ ಒಂಬತ್ತು ದೇಶಗಳು ಅದರೊಳಗೆ ಹಿಡಿಸುತ್ತವೆ. ಆದ್ದರಿಂದ ‘ಆಫ್ರಿಕಾ ನೋಡಿ ಬಂದೆ’ ಎಂದು ಯಾರಾದರೂ ಹೇಳಿದರೆ ‘ಅದರಲ್ಲಿ ಯಾವ ಊರು?’ ಎಂದು ಕೇಳಿ. ನಾವು ಇಂದು ಹೋಗುವುದು ಹೆಚ್ಚಾಗಿ ಪೂರ್ವ ಆಫ್ರಿಕಾಕ್ಕೆ, ಅದರಲ್ಲೂ ತಾಂಜಾನಿಯಾ ಮತ್ತು ಕೀನ್ಯಾ ದೇಶಗಳಿಗೆ.

ನಮ್ಮ ಮಾತು, ಅವರ ಮಾತು

ನಾನು ಭಾಷಾ ಶಿಕ್ಷಕಿ. ಆದ್ದರಿಂದ ಪ್ರಾಣಿಗಳ ಬಳಿಗೆ ಹೋಗುವ ಮುನ್ನ ಒಂದೆರಡು ಮಾತು ಭಾಷೆಯ ಬಗ್ಗೆ ಹೇಳಿಯೇ ತೀರುತ್ತೇನೆ. ‘ಸಫಾರಿ’ ಎಂಬ ಪದ ಎಲ್ಲರಿಗೂ ಗೊತ್ತು. ಬನ್ನೇರುಘಟ್ಟದಲ್ಲಿ ಬಸ್ಸಿನೊಳಗೆ ಕೂತು ಹುಲಿ ನೋಡುವುದಕ್ಕೂ ಸಫಾರಿ ಎನ್ನುತ್ತೇವೆ. ಈ ಪದ ಇಂಗ್ಲಿಷಿಗೆ ಬಂದದ್ದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಿಂದ. ಸ್ವಾಹಿಲಿಗೆ ಬಂದದ್ದು ಅರಬ್ಬಿಯ ‘ಸಫರ್’ ಎಂಬ ಮೂಲದಿಂದ. ಉರ್ದು ಮಾಧ್ಯಮದ ಮಕ್ಕಳಿಗೆ ಸಫರ್ ಎಂದರೆ ಪ್ರಯಾಣ ಎಂದು ಹೇಳಿಕೊಡಬೇಕಾಗಿಲ್ಲ.

ಇಷ್ಟೇ ಅಲ್ಲ. ಸ್ವಾಹಿಲಿಯಲ್ಲಿ ಪುಸ್ತಕಕ್ಕೆ ‘ಕಿತಾಬು’, ಲೋಕಕ್ಕೆ ‘ದುನಿಯಾ’, ಸಮಾಚಾರಕ್ಕೆ ‘ಹಬಾರಿ’, ಸ್ನೇಹಿತನಿಗೆ ‘ರಫೀಕಿ’, ವೇಳೆಗೆ ‘ವಕಾತಿ’, ಅಪಾಯಕ್ಕೆ ‘ಹತಾರಿ’, ಗಣಿತಕ್ಕೆ ‘ಹೆಸಾಬು’. ಮನೆಗೆ ಬಂದವರಿಗೆ ‘ಕರೀಬು’ ಎನ್ನುತ್ತಾರೆ, ಹತ್ತಿರ ಬನ್ನಿ ಎಂದು. ನಮ್ಮ ‘ಕರೀಬ್’ ನೆನಪಾಗುತ್ತದೆಯಲ್ಲವೇ? ಶಿಕ್ಷಕನಿಗೆ ‘ಮ್ವಾಲಿಮು’ ಎನ್ನುತ್ತಾರೆ, ಅಂದರೆ ಮುಅಲ್ಲಿಮ್. ಶತಮಾನಗಳ ಕಾಲ ಮಳೆಗಾಳಿಯ ಜೊತೆ ಹಾಯಿ ಹಡಗುಗಳು ಅರಬ್ಬಿ ಸಮುದ್ರದಲ್ಲಿ ಓಡಾಡಿದ್ದರ ಗುರುತು ಈ ಪದಗಳು. ಬಟ್ಟೆ, ದಂತ, ಚಿನ್ನ ಸಾಗಿದವು. ದುಃಖದ ಸಂಗತಿ, ಗುಲಾಮರೂ ಸಾಗಿದರು.

ಈ ಕಡಲ ದಾರಿಯಲ್ಲಿ ಹೋದ ಒಬ್ಬ ಪ್ರವಾಸಿಯ ಹೆಸರನ್ನು ನೀವು ಏಳನೆಯ ತರಗತಿಯ ಇತಿಹಾಸದಲ್ಲಿ ಕೇಳಿದ್ದೀರಿ: ಇಬ್ನ್ ಬತೂತ. ಮೊರಾಕೋ ದೇಶದ ಟ್ಯಾಂಜಿಯರ್ ಊರಿನವರು. 1331ರ ಸುಮಾರಿಗೆ ಅವರು ಮೊಗದಿಶು, ಮೊಂಬಾಸ, ಕಿಲ್ವಾ ಬಂದರುಗಳನ್ನು ನೋಡಿದರು. ಕಿಲ್ವಾ ನಗರವನ್ನು ಬಹಳ ಮೆಚ್ಚಿ ಬರೆದರು. ಅದರ ದೊಡ್ಡ ಮಸೀದಿಯ ಅವಶೇಷ ತಾಂಜಾನಿಯಾದ ತೀರದಲ್ಲಿ ಇಂದಿಗೂ ಇದೆ. ಸುಮಾರು ಹತ್ತು ವರ್ಷಗಳ ನಂತರ ಇವರೇ ನಮ್ಮ ಉತ್ತರ ಕನ್ನಡದ ಹೊನ್ನಾವರಕ್ಕೂ ಬಂದರು. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದವು ಎಂದು ದಾಖಲಿಸಿದರು. ವಿದ್ಯಾಸಂಸ್ಥೆಯ ಸಭೆಯಲ್ಲಿ ನಿಂತಿರುವ ನಾನು ಈ ಅಂಕಿಯನ್ನು ಹೇಳದೆ ಮುಂದೆ ಹೋಗಲಾರೆ.

1352ರಲ್ಲಿ ಅವರು ಸಹಾರಾ ಮರುಭೂಮಿಯನ್ನು ಒಂಟೆಗಳ ಸಾಲಿನ ಜೊತೆ ದಾಟಿ ಮಾಲಿ ರಾಜ್ಯಕ್ಕೆ ಹೋದರು. ದಾರಿಯಲ್ಲಿ ತಗಾಜಾ ಎಂಬ ಊರು. ಅಲ್ಲಿ ಮನೆಯ ಗೋಡೆ, ಮಸೀದಿಯ ಗೋಡೆ ಎಲ್ಲವೂ ಉಪ್ಪಿನ ಗಟ್ಟಿಗಳಿಂದ ಕಟ್ಟಿದ್ದವು, ಮೇಲೆ ಒಂಟೆಯ ಚರ್ಮದ ಹೊದಿಕೆ. ಮುಂದೆ ನೈಜರ್ ನದಿಯ ಬಳಿ ಒಂದು ಬೆಳದಿಂಗಳ ರಾತ್ರಿ ದೊಡ್ಡ ದೊಡ್ಡ ಮೈಯ ಪ್ರಾಣಿಗಳನ್ನು ಕಂಡು ಆನೆ ಎಂದುಕೊಂಡರು. ಅವು ನೀರಿಗೆ ಇಳಿದುಹೋದವು. ಜೊತೆಯವರು ಅವು ನದಿಯ ಕುದುರೆಗಳು ಎಂದು ತಿಳಿಸಿದರು. ನಾವು ನೀರುಕುದುರೆ, ಹಿಪ್ಪೊಪೊಟಮಸ್ ಎನ್ನುವ ಪ್ರಾಣಿ ಅದು. ಏಳು ಶತಮಾನಗಳ ಹಿಂದಿನ ಆ ಪ್ರವಾಸಿ ಪ್ರಾಣಿಯನ್ನೂ ನೋಡಿದರು, ಊರನ್ನೂ ನೋಡಿದರು, ಅಲ್ಲಿನ ಜನ ಏನು ಉಣ್ಣುತ್ತಾರೆ, ಹೇಗೆ ನ್ಯಾಯ ಮಾಡುತ್ತಾರೆ ಎಂಬುದನ್ನೂ ನೋಡಿದರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೊನೆಯಿಲ್ಲದ ಬಯಲು

ಈಗ ಸೆರೆಂಗೆಟಿಗೆ ಬರೋಣ. ತಾಂಜಾನಿಯಾದ ಉತ್ತರದಲ್ಲಿರುವ ರಾಷ್ಟ್ರೀಯ ಉದ್ಯಾನ ಇದು. ವಿಸ್ತೀರ್ಣ 14,763 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಯಂಥ ಮೂರೂವರೆ ಜಿಲ್ಲೆಗಳಷ್ಟು. ಮಸಾಯಿ ಜನರ ಭಾಷೆಯಲ್ಲಿ ಈ ಹೆಸರಿಗೆ ಕೊನೆಯಿಲ್ಲದ ಬಯಲು ಎಂಬ ಅರ್ಥವಿದೆ.

ಇಲ್ಲಿ ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಯಿದೆ. ಸ್ವಾಹಿಲಿಯಲ್ಲಿ ‘ನ್ಯುಂಬು’. ಜಿಂಕೆಯ ದೂರದ ಬಂಧು. ಆದರೆ ನೋಡಿದರೆ ಯಾರೋ ಉಳಿದ ಸಾಮಾನುಗಳನ್ನೆಲ್ಲ ಜೋಡಿಸಿ ಮಾಡಿದಂತಿದೆ: ಹಸುವಿನ ಕೊಂಬು, ಕುದುರೆಯ ಬಾಲ, ಆಡಿನ ಗಡ್ಡ. ಇವು ಸುಮಾರು 13 ಲಕ್ಷ ಇವೆ. ಇವುಗಳ ಜೊತೆ ಸುಮಾರು ಎರಡು ಲಕ್ಷ ಜೀಬ್ರಾಗಳು, ಲಕ್ಷಗಟ್ಟಲೆ ಗೆಜೆಲ್ ಎಂಬ ಚಿಕ್ಕ ಜಿಂಕೆಗಳು. ಇಡೀ ವರ್ಷ ಇವು ಮಳೆಯ ಹಿಂದೆ ಹುಲ್ಲನ್ನು ಹುಡುಕುತ್ತಾ ಒಂದು ದೊಡ್ಡ ವೃತ್ತದಲ್ಲಿ ನಡೆಯುತ್ತವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ದಕ್ಷಿಣದ ಗಿಡ್ಡ ಹುಲ್ಲಿನ ಬಯಲು. ಏಪ್ರಿಲ್, ಮೇ ತಿಂಗಳಲ್ಲಿ ಪಶ್ಚಿಮಕ್ಕೆ. ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾ ನದಿ ದಾಟಿ ಕೀನ್ಯಾದ ಮಸಾಯಿ ಮಾರಾಕ್ಕೆ. ನವೆಂಬರಿನಲ್ಲಿ ಮತ್ತೆ ದಕ್ಷಿಣಕ್ಕೆ. ಗಡಿ, ಪಾಸ್‌ಪೋರ್ಟ್ ಯಾವುದೂ ಇಲ್ಲ.

ದಕ್ಷಿಣದ ಬಯಲಿಗೇ ಏಕೆ ಹಿಂತಿರುಗಿ ಬರಬೇಕು? ಅಲ್ಲಿನ ಮಣ್ಣು ಪಕ್ಕದ ಜ್ವಾಲಾಮುಖಿಗಳು ಉಗುಳಿದ ಬೂದಿಯಿಂದ ಆದದ್ದು. ಅದರಲ್ಲಿ ಸುಣ್ಣದ ಅಂಶವೂ ರಂಜಕವೂ ಹೇರಳ. ನೆಲದ ಕೆಳಗೆ ಗಟ್ಟಿ ಪದರವಿರುವುದರಿಂದ ಮರದ ಬೇರು ಇಳಿಯದು, ಹುಲ್ಲು ಮಾತ್ರ ಬೆಳೆಯುತ್ತದೆ. ಹಾಲೂಡಿಸುವ ತಾಯಿಗೆ ಬೇಕಾದ ಪೋಷಣೆ ಆ ಹುಲ್ಲಿನಲ್ಲಿದೆ. ಫೆಬ್ರವರಿಯ ಸುಮಾರಿಗೆ ಎರಡು ಮೂರು ವಾರಗಳ ಒಳಗೆ ಹೆಚ್ಚಿನ ತಾಯಂದಿರು ಅಲ್ಲಿ ಮರಿ ಹಾಕುತ್ತವೆ. ಒಟ್ಟಿಗೇ ಲಕ್ಷಾಂತರ ಮರಿಗಳು ಹುಟ್ಟಿದರೆ ಸಿಂಹ, ಕತ್ತೆಕಿರುಬಗಳು ಎಷ್ಟನ್ನು ತಿಂದಾವು? ಹೊಟ್ಟೆ ತುಂಬಿದ ಮೇಲೂ ಮರಿಗಳು ಉಳಿಯುತ್ತವೆ. ಹುಟ್ಟಿದ ಮರಿ ಕೆಲವೇ ನಿಮಿಷಗಳಲ್ಲಿ ಎದ್ದು ನಿಂತು ತಾಯಿಯ ಜೊತೆ ಓಡತೊಡಗುತ್ತದೆ. ಬೆಳಿಗ್ಗೆ ಹತ್ತು ಸಲ ಎಬ್ಬಿಸಿದರೂ ಏಳದ ಮಕ್ಕಳು ಇದನ್ನು ಗಮನಿಸಬೇಕು.

ಹುಲ್ಲು ಹಂಚಿಕೊಳ್ಳುವ ರೀತಿಯೂ ಸೊಗಸು. ಮೊದಲು ಜೀಬ್ರಾಗಳು ಉದ್ದನೆಯ ಒರಟು ಹುಲ್ಲನ್ನು ಮೇಯುತ್ತವೆ. ಅದರ ಕೆಳಗಿನ ಎಲೆಯನ್ನು ವೈಲ್ಡ್‌ಬೀಸ್ಟ್ ಮೇಯುತ್ತದೆ. ಕೊನೆಗೆ ಚಿಗುರುವ ಎಳೆಯ ಗರಿಕೆಯನ್ನು ಗೆಜೆಲ್ ಮೇಯುತ್ತದೆ.

ಟಿ.ವಿ.ಯಲ್ಲಿ ಮಾರಾ ನದಿ ದಾಟುವ ದೃಶ್ಯ ನೋಡಿದ್ದೀರಿ. ಸಾವಿರಾರು ಪ್ರಾಣಿಗಳು ದಡದಿಂದ ಧುಮುಕುತ್ತವೆ, ಮೊಸಳೆಗಳು ಕಾದಿರುತ್ತವೆ. ಮೊಸಳೆಗೆ ಸಿಕ್ಕುವುದಕ್ಕಿಂತ ನೂಕುನುಗ್ಗಲಿನಲ್ಲಿ ಮುಳುಗಿ ಸಾಯುವುದೇ ಹೆಚ್ಚು. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ ವರ್ಷಕ್ಕೆ ಸರಾಸರಿ 6,250 ಪ್ರಾಣಿಗಳ ಕಳೇಬರ ಆ ನದಿ ಸೇರುತ್ತದೆ. ಅಲ್ಲಿಗೆ ಕತೆ ಮುಗಿಯುವುದಿಲ್ಲ. ಮಾಂಸ ಮೀನಿಗೆ, ರಣಹದ್ದಿಗೆ, ಕೊಕ್ಕರೆಗೆ ಆಹಾರ. ಎಲುಬುಗಳು ಸುಮಾರು ಏಳು ವರ್ಷ ನಿಧಾನವಾಗಿ ಕರಗುತ್ತಾ ನದಿಗೆ ರಂಜಕ ಕೊಡುತ್ತವೆ.

ಒಂದು ಚುಚ್ಚುಮದ್ದಿನ ಕತೆ

ಈ ವೈಭವವನ್ನು ನೋಡಿದವರು ‘ಆದಿಕಾಲದಿಂದ ಹೀಗೇ ಇದೆ, ಮನುಷ್ಯನ ಕೈ ಸೋಕದ ಪ್ರಕೃತಿ’ ಎನ್ನುತ್ತಾರೆ. ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ಇತಿಹಾಸ ಬೇರೆಯೇ ಹೇಳುತ್ತದೆ.

ರಿಂಡರ್‌ಪೆಸ್ಟ್ ಎಂಬ ದನದ ರೋಗವಿತ್ತು. ನಮ್ಮ ಹಳ್ಳಿಗಳಲ್ಲಿ ಹಿರಿಯರು ದೊಡ್ಡರೋಗ ಎನ್ನುತ್ತಿದ್ದರು. 1887ರ ಸುಮಾರಿಗೆ ಕೆಂಪು ಸಮುದ್ರದ ಮಸ್ಸಾವಾ ಬಂದರಿನಲ್ಲಿ ಇಟಲಿಯ ಸೈನ್ಯಕ್ಕಾಗಿ ಇಳಿಸಿದ ದನಗಳ ಮೂಲಕ ಅದು ಆಫ್ರಿಕಾದ ಒಳಗೆ ಹೊಕ್ಕಿತು. ಆ ದನಗಳು ಹೋದದ್ದು ಭಾರತದಿಂದ ಎಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಹತ್ತು ವರ್ಷಗಳಲ್ಲಿ ರೋಗ ಖಂಡದ ದಕ್ಷಿಣ ತುದಿ ಮುಟ್ಟಿತು. ಹೋದಲ್ಲೆಲ್ಲ ನೂರು ದನಗಳಲ್ಲಿ 80, 90 ಸತ್ತವು. ಕಾಡೆಮ್ಮೆ, ವೈಲ್ಡ್‌ಬೀಸ್ಟ್‌ಗಳೂ ಸತ್ತವು. ದನವನ್ನೇ ನಂಬಿದ್ದ ಜನ ಹಸಿವಿನಿಂದ ಸತ್ತರು. ಇಥಿಯೋಪಿಯಾದಲ್ಲಿ ಭೀಕರ ಬರಗಾಲವಾಯಿತು. ಮಸಾಯಿ ಜನರ ದೊಡ್ಡ ಪಾಲು ನಾಶವಾಯಿತು. ಅದೇ ಸಮಯದಲ್ಲಿ ಯೂರೋಪಿನ ವಸಾಹತುಗಾರರು ಒಳನಾಡಿಗೆ ಬಂದರು. ಅವರ ಕಣ್ಣಿಗೆ ಜನರಿಲ್ಲದ, ದನವಿಲ್ಲದ ಬಯಲು ಕಂಡಿತು. ಇದೇ ಇದರ ಸಹಜ ರೂಪ ಎಂದು ಅವರು ನಂಬಿದರು. ಸಾವಿನ ಮನೆಯನ್ನು ಖಾಲಿ ಮನೆ ಎಂದು ತಿಳಿದಂತೆ ಇದು.

ಮುಂದೆ ಲಸಿಕೆ ಬಂತು. 1920ರ ದಶಕದಲ್ಲಿ ನಮ್ಮ ಹಿಮಾಲಯದ ತಪ್ಪಲಿನ ಮುಕ್ತೇಶ್ವರ ಪ್ರಯೋಗಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್ ಆಡಿನ ಮೂಲಕ ದುರ್ಬಲಗೊಳಿಸಿದ ವೈರಸ್ಸಿನಿಂದ ಒಂದು ಲಸಿಕೆ ಸಿದ್ಧಪಡಿಸಿದರು. ನಂತರ ಕೀನ್ಯಾದಲ್ಲಿ ಕೆಲಸ ಮಾಡಿದ ವಾಲ್ಟರ್ ಪ್ಲೌರೈಟ್ ಅದಕ್ಕಿಂತ ಸುರಕ್ಷಿತವಾದ ಲಸಿಕೆಯನ್ನು ತಯಾರಿಸಿದರು. 1950 ಮತ್ತು 60ರ ದಶಕಗಳಲ್ಲಿ ಸೆರೆಂಗೆಟಿಯ ಸುತ್ತಲಿನ ದನಗಳಿಗೆ ಲಸಿಕೆ ಹಾಕಲಾಯಿತು. ಕಾಡುಪ್ರಾಣಿಗಳಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಆದರೂ ಅವುಗಳಲ್ಲೂ ರೋಗ ಮಾಯವಾಯಿತು. ಏಕೆಂದರೆ ರೋಗದ ನೆಲೆ ಇದ್ದದ್ದು ದನದಲ್ಲಿ. 1961ರಲ್ಲಿ ಎರಡೂವರೆ ಲಕ್ಷದಷ್ಟಿದ್ದ ವೈಲ್ಡ್‌ಬೀಸ್ಟ್ 1970ರ ದಶಕದ ಕೊನೆಗೆ 13 ಲಕ್ಷ ದಾಟಿತು. ಅವು ಹುಲ್ಲು ಮೇಯ್ದುದರಿಂದ ಕಾಡ್ಗಿಚ್ಚಿಗೆ ಒಣಹುಲ್ಲು ಸಿಗಲಿಲ್ಲ. ಬೆಂಕಿ ಕಡಿಮೆಯಾದುದರಿಂದ ಮರಗಳು ಹೆಚ್ಚಿದವು. 2011ರಲ್ಲಿ ರಿಂಡರ್‌ಪೆಸ್ಟ್ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ಅಳಿಸಿಹಾಕಿದ ಎರಡನೆಯ ರೋಗ ಇದು.

ಅಂದರೆ ಇಂದು ಪ್ರವಾಸಿಗರು ಬಲೂನಿನಲ್ಲಿ ಕೂತು ನೋಡುವ ಆ ಮಹಾ ವಲಸೆಯ ಹಿಂದೆ ಬಡ ದನಗಾಹಿಯ ಹಸುವಿನ ತೊಡೆಗೆ ಚುಚ್ಚಿದ ಸೂಜಿಯೂ ಇದೆ. ಮನುಷ್ಯನ ಬದುಕು, ದನದ ಬದುಕು, ಕಾಡಿನ ಬದುಕು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ವಿಜ್ಞಾನ ಓದುವ ಮಕ್ಕಳೇ, ಪಶುವೈದ್ಯ ಎಂಬ ವೃತ್ತಿಯನ್ನು ಹಗುರವಾಗಿ ಕಾಣಬೇಡಿ.

ಮಸಾಯಿಗಳ ಪ್ರಶ್ನೆ

ಸೆರೆಂಗೆಟಿಯ ಪಕ್ಕದಲ್ಲೇ ಗೊರೊಂಗೊರೊ ಇದೆ. ಇಪ್ಪತ್ತು ಲಕ್ಷ ವರ್ಷಗಳಿಗೂ ಹಿಂದೆ ಒಂದು ದೊಡ್ಡ ಜ್ವಾಲಾಮುಖಿ ಸಿಡಿದು ಒಳಕ್ಕೆ ಕುಸಿದು ಆದ ಬಟ್ಟಲು ಇದು. ಅಗಲ ಸುಮಾರು 19 ಕಿಲೋಮೀಟರ್, ಆಳ ಸುಮಾರು 600 ಮೀಟರ್. ತಳದಲ್ಲಿ ಹುಲ್ಲುಗಾವಲು, ಉಪ್ಪುನೀರಿನ ಕೆರೆ, ರಾಜಹಂಸ, ಆನೆ, ಘೇಂಡಾಮೃಗ, ಸಿಂಹ ಎಲ್ಲವೂ ಇವೆ. ಹತ್ತಿರದ ಓಲ್ಡುವಾಯಿ ಕಮರಿಯಲ್ಲಿ 1959ರಲ್ಲಿ ಮೇರಿ ಲೀಕಿ ಅವರು ಸುಮಾರು ಹದಿನೇಳೂವರೆ ಲಕ್ಷ ವರ್ಷಗಳ ಹಿಂದಿನ ಮಾನವಸದೃಶ ತಲೆಬುರುಡೆಯನ್ನು ಕಂಡರು. ಅದೇ ಸೀಮೆಯ ಲೇಟೋಲಿಯಲ್ಲಿ 36 ಲಕ್ಷ ವರ್ಷಗಳ ಹಿಂದೆ ಹಸಿ ಬೂದಿಯ ಮೇಲೆ ಎರಡು ಕಾಲಲ್ಲಿ ನಡೆದವರ ಹೆಜ್ಜೆ ಗುರುತುಗಳು ಸಿಕ್ಕವು. ಮನುಷ್ಯನ ಮನೆಯಂಗಳ ಎಂದರೆ ಅದೇ.

ಅದೇ 1959ರಲ್ಲಿ, ಬ್ರಿಟಿಷ್ ಆಡಳಿತದ ಕೊನೆಯ ದಿನಗಳಲ್ಲಿ, ಸೆರೆಂಗೆಟಿಯೊಳಗಿದ್ದ ಮಸಾಯಿ ದನಗಾಹಿಗಳನ್ನು ಅಲ್ಲಿಂದ ಹೊರಡಿಸಲಾಯಿತು. ಗೊರೊಂಗೊರೊದಲ್ಲಿ ನೀವು ದನದ ಜೊತೆ, ಕಾಡುಪ್ರಾಣಿಯ ಜೊತೆ ಇರಬಹುದು ಎಂದು ಅವರಿಗೆ ಭರವಸೆ ಕೊಡಲಾಯಿತು. ಆಗ ಅಲ್ಲಿ ಸುಮಾರು 8,000 ಮಸಾಯಿಗಳಿದ್ದರು. ಈಗ ಒಂದು ಲಕ್ಷದಷ್ಟಿದ್ದಾರೆ. ಕಾಲಕ್ರಮೇಣ ಬಟ್ಟಲಿನೊಳಗೆ ವಾಸಕ್ಕೆ ತಡೆ ಬಂತು, ಬೇಸಾಯಕ್ಕೆ ತಡೆ ಬಂತು. 2022ರಿಂದ ಸರ್ಕಾರ ಅವರನ್ನು ನೂರಾರು ಕಿಲೋಮೀಟರ್ ದೂರದ ಮ್ಸೊಮೇರಾ ಎಂಬ ಹಳ್ಳಿಗೆ ಸ್ಥಳಾಂತರಿಸಲು ತೊಡಗಿತು. ಅದೇ ವರ್ಷದ ಜೂನ್‌ನಲ್ಲಿ ಪಕ್ಕದ ಲೋಲಿಯೊಂಡೋದಲ್ಲಿ 1,500 ಚದರ ಕಿಲೋಮೀಟರ್ ಹುಲ್ಲುಗಾವಲಿಗೆ ಗಡಿಕಲ್ಲು ನೆಡುವಾಗ ಘರ್ಷಣೆಯಾಗಿ ಒಬ್ಬ ಪೊಲೀಸ್ ಸತ್ತರು, ಹಲವು ಮಸಾಯಿಗಳು ಗಾಯಗೊಂಡರು. 2024ರ ಆಗಸ್ಟ್‌ನಲ್ಲಿ ಸಾವಿರಾರು ಮಸಾಯಿಗಳು ರಸ್ತೆಗೆ ಬಂದು ಪ್ರತಿಭಟಿಸಿದರು.

ಇಲ್ಲಿ ಎರಡೂ ಕಡೆಯ ಮಾತು ಕೇಳಬೇಕು. ಜನ ಮತ್ತು ದನ ಹೆಚ್ಚಿದರೆ ಪ್ರಾಣಿಗಳಿಗೆ ಹುಲ್ಲು, ನೀರು ಸಾಲದು, ಊರಲ್ಲಿ ಶಾಲೆ ಆಸ್ಪತ್ರೆ ಕೊಡುತ್ತೇವೆ ಎಂಬುದು ಸರ್ಕಾರದ ವಾದ. ನಮ್ಮ ದನ ಇದ್ದಾಗಲೂ ಈ ಪ್ರಾಣಿಗಳು ಇದ್ದವು, ನಾವು ಬೇಟೆಯಾಡಿ ತಿನ್ನುವವರಲ್ಲ, ಹೋಟೆಲುಗಳಿಗೆ ಜಾಗವಿದ್ದು ನಮಗೇಕೆ ಇಲ್ಲ ಎಂಬುದು ಮಸಾಯಿಗಳ ವಾದ. ನನ್ನ ಅಭಿಪ್ರಾಯ ಕೇಳಿದರೆ, ಯಾವ ನೆಲದ ಸೌಂದರ್ಯಕ್ಕಾಗಿ ಜಗತ್ತು ಚಪ್ಪಾಳೆ ತಟ್ಟುತ್ತದೆಯೋ ಆ ನೆಲದವರನ್ನು ಕೇಳದೆ ತೀರ್ಮಾನ ಮಾಡುವುದು ನ್ಯಾಯವಲ್ಲ. ಬೇರೆ ದಾರಿಗಳೂ ಇವೆ. ನಮೀಬಿಯಾದಲ್ಲಿ 1996ರ ಕಾನೂನು ಹಳ್ಳಿಯ ಜನರಿಗೇ ತಮ್ಮ ಪ್ರದೇಶದ ವನ್ಯಜೀವಿಗಳ ನಿರ್ವಹಣೆಯ ಹಕ್ಕು ಕೊಟ್ಟಿತು. ಅಲ್ಲಿ ಇಂಥ 80ಕ್ಕೂ ಹೆಚ್ಚು ಸಮುದಾಯ ಸಂರಕ್ಷಣಾ ಪ್ರದೇಶಗಳಿವೆ, ದೇಶದ ಸುಮಾರು ಐದನೇ ಒಂದು ಭಾಗ. ಕೀನ್ಯಾದಲ್ಲಿ ಮಸಾಯಿ ಮಾರಾ ಸುತ್ತ ಮಸಾಯಿ ಭೂಮಾಲೀಕರೇ ತಮ್ಮ ಜಮೀನನ್ನು ಒಟ್ಟುಗೂಡಿಸಿ ಪ್ರವಾಸೋದ್ಯಮಕ್ಕೆ ಬಾಡಿಗೆಗೆ ಕೊಟ್ಟು ಆದಾಯ ಪಡೆಯುತ್ತಾರೆ. ಇವುಗಳಲ್ಲೂ ಕೊರತೆಗಳುಂಟು. ಆದರೆ ಸಿಂಹ ಬದುಕಿದರೆ ನಮಗೂ ಲಾಭ ಎಂದು ದನಗಾಹಿಗೆ ಅನ್ನಿಸಿದರೆ ಅದಕ್ಕಿಂತ ದೊಡ್ಡ ಬೇಲಿ ಬೇಕಿಲ್ಲ.

ತಾಂಜಾನಿಯಾದ ಮೊದಲ ರಾಷ್ಟ್ರಾಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರು ರಾಜಕೀಯಕ್ಕೆ ಬರುವ ಮುಂಚೆ ಶಾಲಾ ಶಿಕ್ಷಕರು. ಕೊನೆಯವರೆಗೂ ಜನ ಅವರನ್ನು ಮ್ವಾಲಿಮು ಎಂದೇ ಕರೆದರು. ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಸ್ವಾಹಿಲಿಗೆ ತಂದವರೂ ಅವರೇ. 1961ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮೊದಲು, ಅರೂಷಾ ನಗರದ ಸಮ್ಮೇಳನದಲ್ಲಿ ಅವರು ಒಂದು ಘೋಷಣೆ ಹೊರಡಿಸಿದರು. ವನ್ಯಜೀವಿಗಳು ವಿಸ್ಮಯದ ಮೂಲ ಮಾತ್ರವಲ್ಲದೆ ತಮ್ಮ ಜನರ ಮುಂದಿನ ಜೀವನೋಪಾಯದ ಭಾಗವೂ ಹೌದು ಎಂಬುದು ಅದರ ಸಾರಾಂಶ. ಈ ಎರಡನ್ನೂ ಒಟ್ಟಿಗೆ ಉಳಿಸುವುದು ಹೇಗೆಂಬುದೇ ಅಂದಿನಿಂದ ಇಂದಿನವರೆಗಿನ ಪ್ರಶ್ನೆ.

ಆನೆ, ಘೇಂಡಾಮೃಗ, ಜೇನುಹಕ್ಕಿ

ಸಮಯದ ಮಿತಿಯಿಂದ ಇನ್ನು ಕೆಲವನ್ನು ಬೇಗ ಹೇಳುತ್ತೇನೆ. ದಂತದ ಆಸೆಗೆ ಆಫ್ರಿಕಾದ ಆನೆಗಳು 1979ರಿಂದ 1989ರ ನಡುವೆ ಸುಮಾರು 13 ಲಕ್ಷದಿಂದ 6 ಲಕ್ಷಕ್ಕೆ ಇಳಿದವು. 1989ರಲ್ಲಿ ಕೀನ್ಯಾ ಸರ್ಕಾರ ವಶಪಡಿಸಿಕೊಂಡ 12 ಟನ್ ದಂತವನ್ನು ಬಹಿರಂಗವಾಗಿ ಸುಟ್ಟಿತು. ಅದೇ ವರ್ಷ ಅಂತರರಾಷ್ಟ್ರೀಯ ದಂತ ವ್ಯಾಪಾರಕ್ಕೆ ನಿಷೇಧ ಬಂತು. ಆದರೂ 2009ರಿಂದ 2014ರೊಳಗೆ ತಾಂಜಾನಿಯಾ ಒಂದೇ ದೇಶ ತನ್ನ ನೂರರಲ್ಲಿ 60 ಆನೆಗಳನ್ನು ಕಳೆದುಕೊಂಡಿತು. ಉತ್ತರದ ಬಿಳಿ ಘೇಂಡಾಮೃಗದ ಕೊನೆಯ ಗಂಡು, ಅದರ ಹೆಸರು ಸುಡಾನ್, 2018ರ ಮಾರ್ಚ್ 19ರಂದು ಕೀನ್ಯಾದಲ್ಲಿ ಸತ್ತಿತು. ಅದರ ನಂತರ ಉಳಿದದ್ದು ಎರಡು ಹೆಣ್ಣುಗಳು, ಅದರ ಮಗಳು ಮತ್ತು ಮೊಮ್ಮಗಳು. ಅವನ್ನು ಬಂದೂಕುಧಾರಿಗಳು ಹಗಲಿರುಳು ಕಾಯುತ್ತಾರೆ.

ಕಿಲಿಮಂಜಾರೋ ಪರ್ವತ 5,895 ಮೀಟರ್ ಎತ್ತರ, ಆಫ್ರಿಕಾದಲ್ಲೇ ದೊಡ್ಡದು. ಭೂಮಧ್ಯರೇಖೆಯ ಹತ್ತಿರವಿದ್ದೂ ತಲೆಯ ಮೇಲೆ ಹಿಮವಿದೆ. ಆದರೆ 1912ರಿಂದ 2011ರೊಳಗೆ ಆ ಹಿಮದ ನೂರಕ್ಕೆ 85 ಪಾಲು ಕರಗಿಹೋಯಿತು. ದಕ್ಷಿಣಕ್ಕೆ ಹೋದರೆ ಜಾಂಬೆಜಿ ನದಿಯ ವಿಕ್ಟೋರಿಯಾ ಜಲಪಾತ. 108 ಮೀಟರ್ ಎತ್ತರ, ಅಂದರೆ ನಮ್ಮ ಜೋಗದ ಅರ್ಧಕ್ಕಿಂತ ಕಡಿಮೆ. ಆದರೆ ಅಗಲ ಸುಮಾರು 1,700 ಮೀಟರ್. 1855ರಲ್ಲಿ ಲಿವಿಂಗ್‌ಸ್ಟನ್ ತಮ್ಮ ರಾಣಿಯ ಹೆಸರಿಟ್ಟರು. ಅಲ್ಲಿನವರು ಅದಕ್ಕೆ ಮುಂಚೆಯೇ ‘ಮೋಸಿ ಓವಾ ತುನ್ಯಾ’, ಗುಡುಗುವ ಹೊಗೆ ಎಂದು ಕರೆಯುತ್ತಿದ್ದರು. ಯಾವ ಹೆಸರು ಚೆಂದ, ನೀವೇ ಹೇಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜೇನುಹಕ್ಕಿ. ಮೊಜಾಂಬಿಕ್ ದೇಶದ ನಿಯಾಸಾ ಕಾಡಿನಲ್ಲಿ ಯಾವೋ ಜನ ಜೇನು ಕೀಳಲು ಹೋಗುವಾಗ ಬಾಯಲ್ಲಿ ಒಂದು ವಿಶೇಷ ಸದ್ದು ಮಾಡುತ್ತಾರೆ. ಆ ಸದ್ದಿಗೆ ಒಂದು ಸಣ್ಣ ಕಾಡುಹಕ್ಕಿ ಬರುತ್ತದೆ, ಮರದಿಂದ ಮರಕ್ಕೆ ಹಾರುತ್ತಾ ಜೇನುಗೂಡಿನ ತನಕ ಕರೆದೊಯ್ಯುತ್ತದೆ. ಮನುಷ್ಯ ಹೊಗೆಯಿಕ್ಕಿ ಜೇನು ತೆಗೆದುಕೊಳ್ಳುತ್ತಾನೆ, ಮೇಣವನ್ನು ಹಕ್ಕಿಗೆ ಬಿಡುತ್ತಾನೆ. 2016ರ ಒಂದು ಅಧ್ಯಯನದಲ್ಲಿ ಈ ಸದ್ದು ಮಾಡಿದಾಗ ಗೂಡು ಸಿಗುವ ಸಾಧ್ಯತೆ ನೂರಕ್ಕೆ 17ರಿಂದ 54ಕ್ಕೆ ಏರುವುದು ಕಂಡುಬಂತು. ಹಕ್ಕಿಯನ್ನು ಯಾರೂ ಪಳಗಿಸಿಲ್ಲ. ತಂದೆ ಮಗನಿಗೆ ಆ ಸದ್ದನ್ನು ಕಲಿಸುತ್ತಾನೆ. ಕಲಿಸುವುದು ನಿಂತರೆ ಈ ಗೆಳೆತನವೂ ನಿಲ್ಲುತ್ತದೆ. ಕಾಡಿನ ಜೊತೆ ಒಂದು ಭಾಷೆಯೂ ಉಳಿಯಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಫ್ರಿಕಾ ನಮ್ಮ ಪಕ್ಕದಲ್ಲೇ

ಆಫ್ರಿಕಾ ನೋಡಲು ವಿಮಾನ ಹತ್ತಲೇಬೇಕೆಂದಿಲ್ಲ. ಹಾವೇರಿ ಜಿಲ್ಲೆಯ ಸವಣೂರಿಗೆ ಹೋಗಿ ದೊಡ್ಡಹುಣಸೆ ಮರಗಳನ್ನು ನೋಡಿ. ಗೋರಖ್ ಇಮ್ಲಿ ಎಂದು ಕರೆಯುವ ಬಾವೊಬಾಬ್ ಮರ ಅದು, ಆಫ್ರಿಕಾದ ಮೂಲದ್ದು. ವಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್, ಅಹಮದನಗರದ ಮಲಿಕ್ ಅಂಬರ್ ಇಬ್ಬರೂ ಇಥಿಯೋಪಿಯಾ ಮೂಲದವರು. ನಮ್ಮ ನಾಡಿನ ಚೀತಾ 1952ರಲ್ಲಿ ನಿರ್ನಾಮವಾಯಿತೆಂದು ಘೋಷಿಸಲಾಯಿತು. 2022ರಲ್ಲಿ ನಮೀಬಿಯಾದಿಂದ 8, 2023ರಲ್ಲಿ ದಕ್ಷಿಣ ಆಫ್ರಿಕಾದಿಂದ 12 ಚೀತಾಗಳನ್ನು ಮಧ್ಯಪ್ರದೇಶದ ಕುನೋ ಕಾಡಿಗೆ ತಂದರು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಸಿದ್ದಿ ಬಂಧುಗಳಿದ್ದಾರೆ. ಅವರ ಪೂರ್ವಜರಲ್ಲಿ ಹೆಚ್ಚಿನವರನ್ನು ಗುಲಾಮರಾಗಿ ಹಡಗಿನಲ್ಲಿ ತಂದದ್ದು. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ, ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಆದರೂ ಬಸ್ಸಿನಲ್ಲಿ, ಶಾಲೆಯಲ್ಲಿ ಅವರ ಕೂದಲು, ಬಣ್ಣವನ್ನು ನೋಡಿ ನಗುವವರು ಇದ್ದೇ ಇದ್ದಾರೆ.

ಇನ್ನೊಂದು ಕಹಿ ಮಾತು. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಒಂದು ರಸ್ತೆ ಅಪಘಾತವಾಗಿ ಮಹಿಳೆಯೊಬ್ಬರು ಸತ್ತರು. ಕಾರು ನಡೆಸುತ್ತಿದ್ದವರು ಬೇರೊಂದು ಆಫ್ರಿಕನ್ ದೇಶದವರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು, ಕಾರನ್ನು ಸುಟ್ಟಿತು. ಅಪಘಾತಕ್ಕೂ ಅವಳಿಗೂ ಸಂಬಂಧವಿರಲಿಲ್ಲ. ಬಣ್ಣವೊಂದೇ ಅವಳ ತಪ್ಪಾಯಿತು. ಅವಳು ತಾಂಜಾನಿಯಾದವಳು. ಸೆರೆಂಗೆಟಿಯ ಸಿಂಹವನ್ನು ಟಿ.ವಿ.ಯಲ್ಲಿ ಬಾಯಿ ತೆರೆದು ನೋಡುವ ನಾವು ಆ ದೇಶದ ಮಗಳು ನಮ್ಮಲ್ಲಿ ಓದಲು ಬಂದಾಗ ಕಣ್ಣು ಮುಚ್ಚಿಕೊಂಡೆವು. ಪ್ರಾಣಿಯನ್ನು ನೋಡಿ ಬೆರಗಾಗುವುದು ಸುಲಭ. ಮನುಷ್ಯನನ್ನು ಮನುಷ್ಯನೆಂದು ನೋಡಲು ಶಿಕ್ಷಣ ಬೇಕು. ನಮ್ಮ ಸಂಘದ ಕೆಲಸ, ನಮ್ಮ ಶಾಲೆಗಳ ಕೆಲಸ ಇಲ್ಲೇ ಇರುವುದು.

ಕೊನೆಯದಾಗಿ, ಮುಂದೊಂದು ದಿನ ಹೊರಡುವವರಿಗೆ ಕೆಲವು ಸೂಚನೆಗಳು. ಹಳದಿ ಜ್ವರದ ಲಸಿಕೆ ಅಧಿಕೃತ ಕೇಂದ್ರದಲ್ಲಿ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಿ, ಹಿಂತಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಕೇಳುತ್ತಾರೆ. ಮಲೇರಿಯಾ ಬಗ್ಗೆ ವೈದ್ಯರನ್ನು ಕೇಳಿ. ಪ್ರಾಣಿಯ ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸಲು ಚಾಲಕನಿಗೆ ಒತ್ತಾಯಿಸಬೇಡಿ. ದಂತ, ಚಿಪ್ಪು, ಚರ್ಮದ ವಸ್ತು ಕೊಳ್ಳಬೇಡಿ. ಜನರ ಫೋಟೋ ತೆಗೆಯುವ ಮೊದಲು ಒಪ್ಪಿಗೆ ಕೇಳಿ, ಅವರು ಪ್ರದರ್ಶನದ ವಸ್ತುಗಳಲ್ಲ. ನಿಮ್ಮ ಹಣದಲ್ಲಿ ಸ್ವಲ್ಪವಾದರೂ ಆ ಊರಿನವರ ಕೈಸೇರುವಂತೆ ಊರಿನವರದೇ ಮಾರ್ಗದರ್ಶಿ, ಊರಿನವರದೇ ವಸತಿ ಹುಡುಕಿ. ಹತ್ತು ಸ್ವಾಹಿಲಿ ಪದ ಕಲಿತು ಹೋಗಿ. ಉರ್ದು ಬಲ್ಲವರಿಗೆ ಅದರಲ್ಲಿ ಐದು ಆಗಲೇ ಬಂದಿರುತ್ತವೆ.

ಅಲ್ಲಿಯವರೆಗೆ ಗ್ರಂಥಾಲಯವಿದೆ, ಭೂಪಟವಿದೆ. ಶಾಲೆಯ ಅಂಗಳದಲ್ಲಿ ಒಂದು ಗಿಡ ನೆಡಲು ಜಾಗವಿದೆ. ಕೀನ್ಯಾದ ವಂಗಾರಿ ಮಾಥಾಯಿ ಅವರು 1977ರಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಗಿಡ ನೆಡಲು ಆರಂಭಿಸಿದರು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಮಹಿಳೆಯಾದರು. ಅವರ ಚಳವಳಿ ಕೋಟಿಗಟ್ಟಲೆ ಗಿಡ ನೆಟ್ಟಿತು. ಎಲ್ಲವೂ ಶುರುವಾದದ್ದು ಒಂದು ಸಸಿಯಿಂದ.

 ಸ್ವಾಹಿಲಿಯಲ್ಲಿ ಹೊರಟವರಿಗೆ ‘ಸಫಾರಿ ಎನ್‌ಜೆಮಾ’ ಎಂದು ಹಾರೈಸುತ್ತಾರೆ. ನಿಮ್ಮ ಸಫರ್ ಒಳ್ಳೆಯದಾಗಲಿ. ಖುದಾ ಹಾಫಿಜ್, ನಮಸ್ಕಾರ.